ಮದರಂಗಿ ಬೇಲಿಯೊಳಗಿನ ರಿಂಗ್ ಆಟ

ನಮ್ಮ ಮನೆಗೆ ಅಂಗಳವಿರಲಿಲ್ಲ, ಪಾರ್ಕು ಇತ್ತು. ಬಾಗಿಲು ತೆರೆದರೆ ಎದುರಿಗೇ ಎರಡು ಉಯ್ಯಾಲೆ, ಒಂದು ಸಿಮೆಂಟಿನ ಜಾರುಬಂಡೆ, ಅದರಾಚೆ ಕಲ್ಲುಬೆಂಚುಗಳ ಸಾಲು. ಅಪ್ಪ ಹುಣಸೂರಿನ ಆ ಪಾರ್ಕಿನ ಮಾಲಿ. ಮಾಲಿಗೆಂದು ಹಿಂದಿನ ಮೂಲೆಯಲ್ಲಿ ಕಟ್ಟಿಸಿದ್ದ ಎರಡು ಕೋಣೆಯ ಹೆಂಚಿನ ಮನೆಯಲ್ಲಿ ಅಪ್ಪ, ಅವ್ವ, ನಾನು ಮೂವರೇ ಇದ್ದೆವು. ನಮಗಿಂತ ಹೆಚ್ಚು ಜಾಗ ಹಿಡಿದಿದ್ದದ್ದು ಪಾರ್ಕಿನ ಸಾಮಾನು. ಮುಂದಿನ ಕೋಣೆಯಲ್ಲಿ ಸುತ್ತಿಟ್ಟ ಬಲೆ, ಅದನ್ನು ಕಟ್ಟುವ ಎರಡು ಕಂಬ, ಸುಣ್ಣದ ಮೂಟೆ, ಗಿಡ ಕತ್ತರಿಸುವ ದೊಡ್ಡ ಕತ್ತರಿ. ನಾನು ಮಲಗುತ್ತಿದ್ದದ್ದು ಬಲೆಯ ಪಕ್ಕದಲ್ಲಿ. ಒಳಕೋಣೆಯಲ್ಲಿ ಅವ್ವ ಮುದ್ದೆ ತಿರುವುವಾಗ ಬರುತ್ತಿದ್ದ ಹಿಟ್ಟಿನ ವಾಸನೆಗೆ ಹಸಿ ಸುಣ್ಣದ ವಾಸನೆ ಸೇರಿಕೊಳ್ಳುತ್ತಿತ್ತು. ಸ್ಕೂಲಿನಲ್ಲಿ ನಾನು ‘ಪಾರ್ಕು ನಮ್ಮದು’ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಯಾವ ಹುಡುಗಿ ಮೊದಲು ಉಯ್ಯಾಲೆ ಹತ್ತಬೇಕು, ಯಾವಳು ಕಾಯಬೇಕು ಎಂದು ತೀರ್ಮಾನಿಸುತ್ತಿದ್ದವಳು ನಾನೇ. ಅದು ಯಾರೂ ಕೊಡದ ಅಧಿಕಾರ. ಯಾರೂ ಕೊಡದ್ದರಿಂದಲೇ ಯಾರೂ ಕಿತ್ತುಕೊಳ್ಳಲಾರರೆಂದು ನಂಬಿದ್ದೆ.

ಈ ಅಧ್ಯಾಯವನ್ನು ಹಿಂದೆ ಎರಡು ಸಲ ಬರೆದು ಹರಿದಿದ್ದೇನೆ. ಒಂದರಲ್ಲಿ ಆ ದಿನ ತುಂತುರು ಮಳೆ ಬರುತ್ತಿತ್ತು. ಬಂದಿರುವುದು ಸಾಧ್ಯವಿಲ್ಲ, ಬಂದಿದ್ದರೆ ಅವ್ವ ಎಳೆದ ಸುಣ್ಣದ ಗೆರೆ ಉಳಿಯುತ್ತಿರಲಿಲ್ಲ, ಆಟವೂ ನಡೆಯುತ್ತಿರಲಿಲ್ಲ. ಇನ್ನೊಂದರಲ್ಲಿ ನನಗೆ ಆರು ವರ್ಷ. ಆರು ವರ್ಷದ ಹುಡುಗಿಯನ್ನು ಯಾರು ಬೇಕಾದರೂ ಕ್ಷಮಿಸುತ್ತಾರೆ. ನನಗೆ ಆಗ ಹತ್ತು ತುಂಬಿತ್ತು. ಮಳೆ, ಆರು ವರ್ಷ ಎರಡನ್ನೂ ತೆಗೆದುಹಾಕಿ ಮತ್ತೆ ಶುರುಮಾಡುತ್ತಿದ್ದೇನೆ.

ಪಾರ್ಕಿನ ಒಂದು ಪಕ್ಕಕ್ಕೆ ಆಳೆತ್ತರದ ಮದರಂಗಿ ಬೇಲಿ ಬೆಳೆಸಿ, ಒಳಗಿನ ಜಾಗವನ್ನು ಹೆಂಗಸರಿಗೆಂದು ಬಿಟ್ಟಿದ್ದರು. ಸಂಜೆ ಊರಿನ ದೊಡ್ಡ ಮನೆಗಳ ಹೆಂಗಸರು ಅಲ್ಲಿ ಸೇರಿ ಬಲೆ ಕಟ್ಟಿಸಿಕೊಂಡು ರಿಂಗ್ ಆಡುತ್ತಿದ್ದರು. ಆ ಕಡೆಯಿಂದ ಇಬ್ಬರು, ಈ ಕಡೆಯಿಂದ ಇಬ್ಬರು. ರಬ್ಬರಿನ ಬಳೆಯೊಂದನ್ನು ಬಲೆಯ ಮೇಲೆ ಎಸೆಯುವುದು, ನೆಲಕ್ಕೆ ಬೀಳದಂತೆ ಹಿಡಿಯುವುದು, ಅಷ್ಟೇ ಆಟ. ಬೇಲಿಯೊಳಕ್ಕೆ ಗಂಡಸರು ಕಾಲಿಡುವಂತಿರಲಿಲ್ಲ, ಮಾಲಿಯಾದ ಅಪ್ಪ ಕೂಡ. ಹಾಗಾಗಿ ಅಲ್ಲಿಯ ಕಸ ಗುಡಿಸುವುದು, ಬಲೆ ಕಟ್ಟುವುದು, ಗೆರೆ ಎಳೆಯುವುದು ಎಲ್ಲ ಅವ್ವನ ಪಾಲಿಗೆ ಬಂದಿತ್ತು. ಅವ್ವ ಹನಗೋಡಿನ ಕಡೆಯ ಒಕ್ಕಲು ಮನೆಯವಳು. ಹೆಸರು ಚಿಕ್ಕತಾಯಮ್ಮ, ಬೇಲಿಯೊಳಗಿನವರಿಗೆ ತಾಯಮ್ಮ. ನಾಟಿಯಲ್ಲಿ ನೇರ ಸಾಲು ಹಿಡಿದು ಅಭ್ಯಾಸವಿದ್ದ ಅವಳು ಹಗ್ಗ ಕಟ್ಟದೆ ಕಣ್ಣಳತೆಯಲ್ಲೇ ಸುಣ್ಣದ ಗೆರೆ ಎಳೆಯುತ್ತಿದ್ದಳು. ಗೆರೆ ಎಳೆದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಆಟ ನೋಡುತ್ತಿದ್ದಳು.

ನೋಡಿದ್ದು ಸುಮ್ಮನೆ ಹೋಗಲಿಲ್ಲ. ಮನೆಯ ಹಿಂದೆ, ಬಟ್ಟೆ ಒಣಹಾಕುವ ಹಗ್ಗದ ಆಚೆ ನನ್ನನ್ನು ನಿಲ್ಲಿಸಿ, ಈಚೆಯಿಂದ ಅವಳು ಕೊಡದ ಕೆಳಗೆ ತಲೆಗಿಟ್ಟುಕೊಳ್ಳುವ ಬಟ್ಟೆಯ ಸಿಂಬೆಯನ್ನು ಎಸೆಯುತ್ತಿದ್ದಳು. ನಾನು ಹಿಡಿಯದಿದ್ದರೆ ಬೈಗುಳ.

“ಕೈ ಯಾಕೆ ಅಂಗೆ ಮಡಗ್ತೀಯ, ಭಿಕ್ಷ ಬೇಡ್ತಿದ್ದೀಯಾ? ಬತ್ತಾ ಇರೋದ್ನ ನೋಡು ಕೂಸೇ, ನನ್ ಮೂತಿ ನೋಡ್ಬೇಡ.”

ಸಾರು ಒಲೆಯ ಮೇಲೆ ಉಕ್ಕುತ್ತಿರುತ್ತಿತ್ತು. ಅಪ್ಪ ಬಂದು ನೋಡಿ, ಸಿಂಬೆ ಹಾರುವ ಮನೆಯಲ್ಲಿ ಕೊಡ ಹೊರುವವರು ಯಾರು ಎನ್ನುತ್ತಿದ್ದ. ಅವನೂ ನಗುತ್ತಿದ್ದ. ಈ ನಗುವಿನ ವಿಷಯದಲ್ಲಿ ನನಗೆ ಅನುಮಾನವಿಲ್ಲ.

ಒಂದು ಸಂಜೆ ಆಡುವ ನಾಲ್ವರಲ್ಲಿ ಒಬ್ಬಳು ಬಾಣಂತನಕ್ಕೆಂದು ತವರಿಗೆ ಹೋಗಿ, ಮೂವರೇ ಉಳಿದರು. ಅವರಲ್ಲಿ ಮುಖ್ಯರಾದವರು ತಾಲ್ಲೂಕಿನ ಅಮಲ್ದಾರರ ಹೆಂಡತಿ. ಊರು ಅವರನ್ನು ಅಮಲ್ದಾರಮ್ಮ ಎಂದೇ ಕರೆಯುತ್ತಿತ್ತು. ಅವರ ಮಗಳು ಸುಗುಣ ನನ್ನ ಕ್ಲಾಸಿನವಳು. ಅಮಲ್ದಾರಮ್ಮ ಸುತ್ತ ನೋಡಿ, ಮೂಲೆಯಲ್ಲಿ ಕೂತಿದ್ದ ಅವ್ವನನ್ನು ಕರೆದರು.

“ತಾಯಮ್ಮ, ಸುಮ್ಮನೆ ಅಲ್ಲಿ ನಿಂತ್ಕೊ. ಬಂದರೆ ಹಿಡಿ, ಬರದಿದ್ದರೆ ಬಿಡು.”

ಅವ್ವ ಕೈಯ ಸುಣ್ಣ ಸೆರಗಿಗೆ ಒರೆಸಿಕೊಂಡು ನಿಂತಳು. ಬಂದದ್ದನ್ನೆಲ್ಲ ಹಿಡಿದಳು. ಅಂದಿನಿಂದ ನಾಲ್ಕನೆಯವಳು ಅವಳೇ. ಆಟ ಮುಗಿದ ಮೇಲೆ ಉಳಿದ ಮೂವರೂ ಮನೆಗೆ ಹೋಗಿ ಸ್ನಾನ ಮಾಡುತ್ತಾರೆಂದು ಸುಗುಣ ಹೇಳಿದ್ದಳು. ಬೆವರಿಗೆ ಎಂದು ನಾನು ತಿಳಿದಿದ್ದೆ. ಅವ್ವ ತಿಳಿದಿದ್ದೇನೋ ಗೊತ್ತಿಲ್ಲ. ಸಂಜೆಯ ಆ ಒಂದು ಗಂಟೆಗಾಗಿ ಅವಳು ಬೆಳಗಿನಿಂದ ಕೆಲಸವನ್ನು ಓಡಿಸುತ್ತಿದ್ದಳು. ಮಧ್ಯಾಹ್ನಕ್ಕೇ ರಾತ್ರಿಯ ಸಾರು ಆಗಿರುತ್ತಿತ್ತು. ಕೆ.ಆರ್. ನಗರದ ಹೆಂಗಸರು ನಮ್ಮ ಪಾರ್ಕಿಗೆ ಬಂದು ಪಂದ್ಯ ಆಡುತ್ತಾರೆ, ನಮ್ಮ ಕಡೆಯಿಂದ ತಾಯಮ್ಮನೂ ನಿಲ್ಲಬೇಕು ಎಂದು ಅಮಲ್ದಾರಮ್ಮ ಹೇಳಿದ ದಿನ ಅವ್ವ ಊಟಕ್ಕೆ ಕೂತು ಮುದ್ದೆ ಮುರಿಯುವುದನ್ನೇ ಮರೆತಳು.

“ದೊಡ್ಡೋರ ಮುಂದೆ ಬಾಯಿ ಮಾಡ್ಬೇಡ ಕಣೆ,” ಅಂದ ಅಪ್ಪ. “ಆಟ ಇವತ್ತಿರ್ತದೆ, ನಾಳೆ ಇರಾಕಿಲ್ಲ. ಮನೆ ಅವ್ರು ಕೊಟ್ಟಿರೋದು.”

“ಬಾಯಿ ಮಾಡ್ದೆ ಎಂಗೆ ಆಡೋದು? ಇಬ್ರೂ ಒಂದೇ ರಿಂಗಿಗೆ ನುಗ್ಗುದ್ರೆ ತಲೆತಲೆ ಡಿಕ್ಕಿ ಒಡೀತದೆ. ನಂದು ಅಂದ್ರೆ ನಂದು ಅನ್ಬೇಕು.”

“ಅಮಲ್ದಾರ್ರ ಎಂಡ್ತಿಗೂವಾ?”

“ರಿಂಗಿಗೆ ಗೊತ್ತಾ ಯಾರು ಯಾರ ಎಂಡ್ತಿ ಅಂತ?”

ಅವ್ವನ ಬಗ್ಗೆ ನಾನು ನಾಚಿಕೆಪಟ್ಟದ್ದು ಈ ಬಾಯಿಗೇ. ಅವ್ವ ಗದ್ದೆಯಲ್ಲಿ ಕೂಗುವಂತೆ ಕೂಗುತ್ತಿದ್ದಳು. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಚ್ಚೆ ಹಾಕಿ, ಕೆಸರಿಗಿಳಿದವಳ ಹಾಗೆ ಕಾಲಗಲಿಸಿ ನಿಂತು, “ಬುಡವ್ವಾ, ನಂದು” ಎಂದು ಅಮಲ್ದಾರಮ್ಮನನ್ನು ಮೊಣಕೈಯಿಂದ ಸರಿಸುತ್ತಿದ್ದಳು. ಹಿಡಿದಾಗ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು. ಒಂದು ದಿನ ಸ್ಕೂಲಿನ ಬಿಡುವಿನಲ್ಲಿ ಸುಗುಣ ಲಂಗ ಮೇಲಕ್ಕೆ ಸಿಕ್ಕಿಸಿಕೊಂಡು, ಕಾಲಗಲಿಸಿ ನಿಂತು, “ಬುಡವ್ವಾ, ನಂದು” ಎಂದಳು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಚೆನ್ನಾಗಿ ಮಾಡಿದ್ದಳು, ಅದೇ ದನಿ. ನಕ್ಕು ಮುಗಿದ ಮೇಲೆ ಸುಗುಣ ನನ್ನನ್ನು ನೋಡಿ, “ಪಂದ್ಯದ ದಿನ ಕೆ.ಆರ್. ನಗರದವರೂ ನೋಡ್ತಾರಲ್ಲೇ” ಎಂದಳು. ಅವಳ ದನಿಯಲ್ಲಿ ಕೆಟ್ಟತನವಿತ್ತೆಂದು ಬರೆಯಬೇಕೆಂದು ಕೈ ತುಡಿಯುತ್ತಿದೆ. ಇರಲಿಲ್ಲ. ನನ್ನ ಮೇಲೆ ಮರುಕವಿತ್ತು.

ಮುಟ್ಟಾದ ಹೆಂಗಸು ಮೂರು ದಿನ ಮನೆಯೊಳಗೆ ಬರುವಂತಿರಲಿಲ್ಲ, ಯಾರನ್ನೂ ಏನನ್ನೂ ಮುಟ್ಟುವಂತಿರಲಿಲ್ಲ. ದೊಡ್ಡ ಮನೆಗಳಲ್ಲಿ ಅದಕ್ಕೊಂದು ಹಿಂದಿನ ಕೋಣೆ. ನಮ್ಮಲ್ಲಿ ಗುದ್ದಲಿ ಬುಟ್ಟಿ ಇಡುವ ಪಾರ್ಕಿನ ಕೊಟ್ಟಿಗೆ. ಹೊರಗೆ ಕೂರುವುದು ಎಂದೇ ಅದಕ್ಕೆ ಹೆಸರು. ಅವ್ವ ಹೊರಗೆ ಕೂತ ದಿನಗಳಲ್ಲಿ ಅಪ್ಪ ಒಲೆ ಹಚ್ಚುತ್ತಿದ್ದ, ನಾನು ದೂರದಿಂದ ಅವಳ ತಟ್ಟೆಗೆ ಬಡಿಸುತ್ತಿದ್ದೆ. ಇದು ಯಾವ ಮನೆಯಲ್ಲೂ ಗುಟ್ಟಲ್ಲ. ಹತ್ತು ವರ್ಷದ ನನಗೆ ಅದರ ಕಾರಣ ಗೊತ್ತಿರಲಿಲ್ಲ, ನಿಯಮವೆಲ್ಲ ಗೊತ್ತಿತ್ತು.

ಪಂದ್ಯದ ದಿನ ನಾನು ಆಡಿದ ಮಾತು ಹೊಳೆದದ್ದು ಆ ಗಳಿಗೆಯಲ್ಲಿ, ಯೋಚಿಸದೆ ಬಾಯಿಗೆ ಬಂದುಬಿಟ್ಟಿತು ಎಂದು ಎರಡು ಸಲವೂ ಬರೆದಿದ್ದೆ. ಹಾಗಲ್ಲ. ಬೆಳಿಗ್ಗೆ ರೊಟ್ಟಿ ತಿನ್ನುವಾಗಲೇ ಅದನ್ನು ಮನಸ್ಸಿನಲ್ಲಿ ಹೇಳಿ ನೋಡಿದ್ದೆ. ಯಾರಿಗೆ ಹೇಳಬೇಕೆಂಬುದನ್ನೂ ಆರಿಸಿದ್ದೆ. ಅಮಲ್ದಾರಮ್ಮ ಹೊಸ ಕಾಲದವರು, ಅವರು ಗದರಿಸಿ ಸುಮ್ಮನಾಗಿಸಬಹುದು. ಹೇಳಬೇಕಾದದ್ದು ಸುಗುಣನ ಅಜ್ಜಿಗೆ. ಆ ಅಜ್ಜಿ ಮಡಿಯ ಹೆಂಗಸು. ಸೊಸೆ ಆಡುವುದು ಅವರಿಗೆ ಇಷ್ಟವಿರಲಿಲ್ಲ, ಆದರೂ ದಿನವೂ ಬಂದು ಬೇಲಿಯೊಳಗಿನ ಕಲ್ಲುಬೆಂಚಿನ ಮೇಲೆ ಕೂತು ಯಾರ ತಪ್ಪು ಎಷ್ಟು ಎಂದು ಲೆಕ್ಕವಿಡುತ್ತಿದ್ದರು.

ಕೆ.ಆರ್. ನಗರದ ಹೆಂಗಸರು ಬಸ್ಸಿಳಿದು ಬಂದರು. ಒಬ್ಬರ ಕಾಲಲ್ಲಿ ಬಿಳಿ ಬೂಟು ಇತ್ತು. ಹೆಂಗಸೊಬ್ಬರ ಕಾಲಲ್ಲಿ ಬೂಟು ನೋಡಿದ್ದು ಅದೇ ಮೊದಲು. ಅವ್ವ ಗೆರೆಗೆ ಎರಡನೆಯ ಸಲ ಸುಣ್ಣ ಹಾಕಿ, ಕಚ್ಚೆ ಬಿಗಿದು, ಅಮಲ್ದಾರಮ್ಮನ ಪಕ್ಕ ನಿಂತಳು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ನಮ್ಮವರು ಮುಂದಿದ್ದರು. ಬೂಟಿನ ಹೆಂಗಸು ಬಲೆಯ ಅಂಚಿಗೆ ಎಸೆದ ರಿಂಗಿಗೆ ಅವ್ವ ನೆಲಕ್ಕೆ ಬೀಳುವಂತೆ ನುಗ್ಗಿ ಕೈ ಕೊಟ್ಟಳು. ಹಿಡಿದಳು. ಮೊಣಕಾಲು ತರಚಿ ಮಣ್ಣಾಗಿತ್ತು. ಎದ್ದು ನಿಂತು ಕೂಗಿದಳು:

“ಇನ್ನೂ ಬುಡಿ ಅತ್ತಾಗಿಂದ, ಎಷ್ಟದೆಯೋ ಅಷ್ಟೂ ಬುಡಿ.”

ಎಲ್ಲರೂ ನಕ್ಕರು. ನಾನು ಬೆಂಚಿನ ಹತ್ತಿರ ಹೋಗಿ, ಅಜ್ಜಿಯಿಂದ ಎರಡು ಮಾರು ದೂರ ನಿಂತು ಹೇಳಿದೆ.

“ಅಜ್ಜಿ, ನಮ್ಮವ್ವ ಹೊರಗಾಗವ್ಳೆ. ಬೆಳಿಗ್ಗೆಯಿಂದ.”

‘ಬೆಳಿಗ್ಗೆಯಿಂದ’ ಎಂಬುದನ್ನು ನಾನೇ ಸೇರಿಸಿದ್ದು. ನಂಬಿಕೆ ಬರಲೆಂದು.

ಅಜ್ಜಿ ಎದ್ದು ನಿಂತ ರೀತಿಗೇ ಆಟ ನಿಂತಿತು. ಅವರು ಸೊಸೆಯ ಹೆಸರು ಹಿಡಿದು ಕರೆದು ವಿಷಯ ಹೇಳಿದರು. ಅಮಲ್ದಾರಮ್ಮನ ಕೈಯಲ್ಲಿದ್ದ ರಿಂಗು ಕೆಳಗೆ ಬಿತ್ತು.

“ಹೌದೇನೇ ತಾಯಮ್ಮ?”

ಅವ್ವ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಎಷ್ಟು ಹೊತ್ತು ಎಂದು ಬರೆಯಲಾರೆ. ನೆನಪು ಈ ನೋಟವನ್ನು ವರ್ಷಗಟ್ಟಲೆ ಎಳೆದು ಉದ್ದ ಮಾಡಿದೆ. ಇಲ್ಲ ಎಂದಿದ್ದರೆ ಸಾಕಿತ್ತು. ಇಲ್ಲ ಎಂದರೆ ನಾನು ಸುಳ್ಳಿ. ಹೆತ್ತ ತಾಯಿಯ ಮೇಲೆ, ಅದೂ ಇಂಥ ವಿಷಯದಲ್ಲಿ, ಊರ ಮುಂದೆ ಸುಳ್ಳು ಹೇಳಿದವಳು.

“ಊಂ ಕಣ್ರವ್ವಾ,” ಅಂದಳು ಅವ್ವ. “ಆಟದ ಗ್ಯಾನದಾಗೆ ಮರ್ತ್ಬುಟ್ಟೆ. ತಪ್ಪಾಯ್ತು.”

ಅದನ್ನು ಮರೆಯುವ ಹೆಂಗಸು ಲೋಕದಲ್ಲಿ ಇರುವುದಿಲ್ಲವೆಂದು ಅಲ್ಲಿದ್ದ ಪ್ರತಿಯೊಬ್ಬಳಿಗೂ ಗೊತ್ತಿತ್ತು. ಅಂದರೆ ಅವರ ಪಾಲಿಗೆ ಅವ್ವ ಬೇಕೆಂದೇ, ಆಟದ ಆಸೆಗೆ, ಎಲ್ಲರನ್ನೂ ಕೆಡಿಸಿದವಳು. ದಿನವೂ ನಮ್ಮವರ ಜೊತೆ ಆಡುತ್ತಿದ್ದ ಡಾಕ್ಟರ ಹೆಂಡತಿ, ರಬ್ಬರಿಗೆ ಮೈಲಿಗೆ ಅಂಟುವುದಿಲ್ಲ ಎಂದು ಹೇಳಿ ನೋಡಿದರು. “ರಬ್ಬರಿಗೆ ಇಲ್ಲದಿದ್ದರೆ ಹೋಯಿತು, ನಿನಗೆ ಇದೆಯಲ್ಲ,” ಎಂದರು ಅಜ್ಜಿ. ಕೆ.ಆರ್. ನಗರದವರನ್ನೂ ಸೇರಿಸಿ ಎಲ್ಲರೂ ಅಮಲ್ದಾರರ ಮನೆಗೆ ಹೊರಟರು. ಅಲ್ಲಿ ಉಟ್ಟ ಸೀರೆಯಲ್ಲೇ ತಲೆಗೆ ನೀರು ಹಾಕಿಕೊಂಡರಂತೆ. ಬಾವಿಯಿಂದ ನೀರು ಸೇದಿ ಕೊಟ್ಟವನು ಅಪ್ಪ. ಬಂದವರು ಅಮಲ್ದಾರಮ್ಮನ ಸೀರೆಗಳನ್ನುಟ್ಟು, ಒದ್ದೆ ಗಂಟು ಹಿಡಿದು, ಬಸ್ಸು ಹತ್ತಿದರು. ಬೂಟು ಮಾತ್ರ ಕೈಯಲ್ಲಿ ಹಿಡಿದಿದ್ದರೆಂದು ಅಪ್ಪ ಹೇಳಿದ. ಅವನು ನಗಿಸಲು ಹೇಳಿದ್ದಿರಬೇಕು.

ಅವ್ವ ಮನೆಯೊಳಕ್ಕೆ ಬರಲಿಲ್ಲ. ನೇರವಾಗಿ ಕೊಟ್ಟಿಗೆಗೆ ಹೋಗಿ ಚಾಪೆ ಹಾಸಿಕೊಂಡು ಕೂತಳು. ಅಪ್ಪ ಬಾಗಿಲಲ್ಲಿ ನಿಂತು ಬೆರಳು ಮಡಚಿದ.

“ಹೋದ ಸಲ ಕೂತು ಇನ್ನೂ ಹತ್ತು ದಿನಾನೂ ಆಗಿಲ್ವಲ್ಲೇ?”

“ಅದೇನು ಪಂಚಾಂಗ ನೋಡ್ಕಂಡು ಬತ್ತದಾ? ಓಗಿ, ಒಲೆ ಮೇಲೆ ಎಸರು ಮಡಗಿ. ಕೂಸು ಅಸ್ಕಂಡದೆ.”

ಮೂರು ದಿನ ಕೂತಳು. ಆಗದೇ ಇದ್ದದ್ದಕ್ಕೆ ಮೂರು ದಿನ. ಗುದ್ದಲಿ, ಬುಟ್ಟಿ, ಒಣ ಗೊಬ್ಬರದ ಮಧ್ಯೆ. ನಾನು ತಟ್ಟೆ ಹಿಡಿದು ಹೋಗಿ, ನಿಯಮದಂತೆ ದೂರ ನಿಂತು, ಮುದ್ದೆಯನ್ನು ಮೇಲಿನಿಂದ ಅವಳ ತಟ್ಟೆಗೆ ಹಾಕಿದೆ; ನೀರನ್ನು ಮೇಲಿನಿಂದ ಸುರಿದೆ. ಅವಳೂ ಚೊಂಬನ್ನು ಮುಟ್ಟದಂತೆ ಎಚ್ಚರದಿಂದ ಬೊಗಸೆ ಒಡ್ಡಿದಳು. ನಾವಿಬ್ಬರೇ ಇದ್ದೆವು, ಇಬ್ಬರಿಗೂ ನಿಜ ಗೊತ್ತಿತ್ತು. ಆದರೂ ಒಂದು ಸಲವೂ ಇಬ್ಬರೂ ಮುಟ್ಟಿಕೊಳ್ಳಲಿಲ್ಲ. ಎರಡನೆಯ ದಿನ ಕೇಳಿದಳು.

“ಯಾಕವ್ವಾ ಅಂಗಂದೆ?”

“ಎಲ್ಲ ನಗ್ತಿದ್ರು.”

ಅವಳು ಬಾಯಲ್ಲಿದ್ದ ತುತ್ತು ನುಂಗಿದಳು.

“ನಾನೂ ನಗ್ತಿದ್ನಲ್ಲ ಮಗಾ.”

ಮತ್ತೆ ಕೇಳಲಿಲ್ಲ. ನಿಜವಾದ ದಿನಗಳು ಬಂದಾಗ ಅವಳು ಮತ್ತೆ ಕೊಟ್ಟಿಗೆಗೆ ಹೋದಳು. ಒಂದೇ ತಿಂಗಳಿಗೆ ಎರಡು ಸಲ ಎಂದು ಡಾಕ್ಟರ ಹೆಂಡತಿ ಕೆಂಪು ಔಷಧಿಯ ಸೀಸೆ ಕಳಿಸಿಕೊಟ್ಟರು, ಊಟಕ್ಕೆ ಮುಂಚೆ ಎರಡು ಚಮಚ ಎಂದು ನನ್ನ ಕೈಗೇ ಕೊಟ್ಟು ಹೇಳಿದರು. ಅವ್ವ ಅದನ್ನು ಚೆಲ್ಲಬಹುದಿತ್ತು. ಚೆಲ್ಲಲಿಲ್ಲ. ಇಲ್ಲದ ಕಾಯಿಲೆಗೆ ಹೇಳಿದಂತೆಯೇ ಕುಡಿದಳು, ಮುಖ ಕಿವುಚಿ, ಮೇಲೊಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು. ಅಳತೆ ಮಾಡಿ ಸುರಿಯುತ್ತಿದ್ದವಳು ನಾನು.

ಅಷ್ಟಾದರೂ ಆಟಕ್ಕೆ ನಾಲ್ಕನೆಯವಳು ಬೇಕಿತ್ತು. ಮೈಸೂರಿನಿಂದ ಹೊಸ ರಿಂಗು ಬಂದ ಮೇಲೆ ಅಮಲ್ದಾರಮ್ಮ ಹೇಳಿಕಳಿಸಿದರು. ಅವ್ವ ಓಡುವ ಹೆಜ್ಜೆಯಲ್ಲೇ ಹೋದಳು, ನಾನು ಹಿಂದೆ. ಬೇಲಿಯ ಬಾಯಲ್ಲಿ ಅಮಲ್ದಾರಮ್ಮ ನಿಂತಿದ್ದರು. ಅವರು ಅವ್ವನನ್ನು ಕೇಳಲಿಲ್ಲ. ನನ್ನ ಕಡೆ ತಿರುಗಿದರು.

“ಏನಮ್ಮಾ, ನಿಮ್ಮ ತಾಯಿ ಇವತ್ತು ಸರಿಯಾಗಿದ್ದಾಳಾ? ನೀನು ನಿಜ ಹೇಳೋ ಹುಡುಗಿ.”

ಕಲ್ಲುಬೆಂಚಿನಿಂದ ಅಜ್ಜಿ ಕತ್ತು ಚಾಚಿ ನೋಡುತ್ತಿದ್ದರು. ಅವ್ವ ನೆಲ ನೋಡುತ್ತಾ ನಿಂತಿದ್ದಳು. ನಾನು ಹೂಂ ಎಂದೆ. ಆಗ ಅವಳು ಒಳಕ್ಕೆ ಹೋದಳು. ಮಾರನೆಯ ದಿನವೂ ಅದೇ ಪ್ರಶ್ನೆ, ಅದರ ಮಾರನೆಯ ದಿನವೂ. ಮೂವತ್ತು ದಾಟಿದ ಹೆಂಗಸು, ಕಣ್ಣಳತೆಯಲ್ಲಿ ಗೆರೆ ಎಳೆಯಬಲ್ಲವಳು, ತನ್ನ ಮೈಯ ಸುದ್ದಿಯನ್ನು ನನ್ನ ಬಾಯಿಂದ ಹೇಳಿಸಿಕೊಂಡು ಒಳಗೆ ಹೋಗಬೇಕಿತ್ತು. ಆ ಬಾಗಿಲಲ್ಲಿ ಪ್ರತಿ ಸಂಜೆ ನನಗೆ ನಿಜ ಹೇಳುವ ಅವಕಾಶವಿತ್ತು. ಒಂದು ವಾರಕ್ಕೂ ಹೆಚ್ಚು ಕಾಲ, ದಿನಕ್ಕೊಂದು ಸಲ, ಕೇಳಿಯೇ ಕೇಳಿದರು. ನಿಜ ಹೇಳೋ ಹುಡುಗಿ ಎನ್ನಿಸಿಕೊಳ್ಳುವುದು ನನಗೆ ಹಿತವಾಗಿತ್ತು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು, ಉಳಿದದ್ದಕ್ಕಲ್ಲ.

ಅವ್ವ ಆಡುತ್ತಿದ್ದಳು, ಕೂಗುತ್ತಿರಲಿಲ್ಲ. ಅವಳೂ ಅಮಲ್ದಾರಮ್ಮನೂ ಒಂದೇ ರಿಂಗಿಗೆ ನುಗ್ಗಿ ಎರಡು ಸಲ ಹೆಗಲಿಗೆ ಹೆಗಲು ಹೊಡೆದುಕೊಂಡರು. ಆಮೇಲೆ ಅವಳು ನುಗ್ಗುವುದನ್ನೂ ಬಿಟ್ಟಳು. ಒಂದು ಸಂಜೆ ಅಮಲ್ದಾರಮ್ಮ ಬೇಲಿಯ ಬಾಯಲ್ಲಿ ನನ್ನ ಕಡೆ ತಿರುಗಿದಾಗ, ನಾನು ಉತ್ತರ ಕೊಡುವ ಮೊದಲೇ ಅವ್ವ ಮಾತಾಡಿದಳು.

“ಕೂಸ್ನ ಕೇಳ್ಬೇಡಿ ಬುಡ್ರವ್ವಾ. ನಾನಿನ್ನು ಆಡಾಕಿಲ್ಲ. ಗೆರೆ ಎಳ್ಕೊಡ್ತೀನಿ, ಬಲೆ ಕಟ್ಕೊಡ್ತೀನಿ. ಸಂಜೆ ಒತ್ತು ಗಿಡುಕ್ಕೆ ನೀರು ಬುಡೋರು ಯಾರೂ ಇಲ್ಲ.”

ಗಿಡಕ್ಕೆ ನೀರು ಬಿಡಲು ಅಪ್ಪ ಇದ್ದ. ಅಮಲ್ದಾರಮ್ಮ ಒತ್ತಾಯ ಮಾಡಲಿಲ್ಲ. ಡಾಕ್ಟರ ಹೆಂಡತಿಯ ತಂಗಿಯೊಬ್ಬಳು ಊರಿಂದ ಬಂದಿದ್ದಳು, ಅವಳನ್ನು ಸೇರಿಸಿಕೊಂಡರು. ನಾನು ಬೇಲಿಯೊಳಗೆ ಹೋಗುವುದನ್ನು ನಿಲ್ಲಿಸಿದೆನೆಂದು ಬರೆಯಲು ಆಸೆಯಿದೆ. ಹೋಗುತ್ತಿದ್ದೆ. ಸುಗುಣನ ಪಕ್ಕ ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ಆ ಹೊಸ ಹುಡುಗಿಗೆ ಬಂದದ್ದನ್ನು ಹಿಡಿಯಲು ಬರುತ್ತಿರಲಿಲ್ಲ, ಎಸೆಯಲೂ ಬರುತ್ತಿರಲಿಲ್ಲ. ಒಂದು ಸಂಜೆ ಅವಳು ಎಸೆದದ್ದು ಬಲೆಯ ಬದಲು ಬೇಲಿಯನ್ನೇ ದಾಟಿ ಆಚೆ ಬಿತ್ತು. ಆಚೆ ಚೆಂಡುಹೂವಿನ ಮಡಿಗೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಸದ್ದು ನಿಂತಿತು. ಹೋಗಿ ತರುವಂತೆ ಅಮಲ್ದಾರಮ್ಮ ನನಗೆ ಹೇಳುವಷ್ಟರಲ್ಲಿ ರಿಂಗು ಮದರಂಗಿಯ ಮೇಲೆ ಎದ್ದು ಬಂತು. ಒಂದಿಷ್ಟೂ ಓಲಾಡದೆ, ಸಮನಾಗಿ ತಿರುಗುತ್ತಾ, ಬೇಲಿಯನ್ನೂ ಬಲೆಯನ್ನೂ ಒಂದೇ ಎಸೆತಕ್ಕೆ ದಾಟಿ, ಆ ಕೊನೆಯ ಸುಣ್ಣದ ಗೆರೆಯ ಒಳಗೆ ಬಂದು ಕೂತಿತು. ಆಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಅಜ್ಜಿ ಕೂಡ ಹುಬ್ಬೇರಿಸಿದರು.

“ಯಾರೇ ಅದು ಆಚೆ?” ಎಂದು ಅಮಲ್ದಾರಮ್ಮ ನನ್ನನ್ನು ಕೇಳಿದರು. “ಎಷ್ಟು ಚೆನ್ನಾಗಿ ಎಸೆದರು ನೋಡು.”

ಸುಗುಣ ನನ್ನ ಮುಖವನ್ನೇ ನೋಡುತ್ತಿದ್ದಳು.

“ಗೊತ್ತಿಲ್ಲ ಅಮ್ಮನೋರೆ,” ಎಂದೆ.

 ಬೇಲಿಯಾಚೆ ನೀರು ಸುರಿಯುವ ಸದ್ದು ಮತ್ತೆ ಶುರುವಾಯಿತು.